ಬಿಸಿಲನ್ನು ಕಂತಿನ ಮೇಲೆ ಮಾರಿದವರು

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ಹೆಸರನ್ನು ಕೇಳದ ಕನ್ನಡಿಗರು ಇರಬಹುದು. ಆದರೆ ಆ ಊರಿನಲ್ಲಿ ಹುಟ್ಟಿದ ಕೂಸೊಂದರ ಹೆಸರನ್ನು ಕೇಳದವರು ಇರಲಾರರು. 1904ನೆಯ ಇಸವಿ ಡಿಸೆಂಬರ್ 29ರಂದು, ತಾಯಿಯ ತವರುಮನೆಯಲ್ಲಿ, ಕುವೆಂಪು ಅವರು ಕಣ್ತೆರೆದದ್ದು ಅಲ್ಲಿಯೇ. ಆ ಕಾಲದ ಮಲೆನಾಡಿನ ಮನೆಯಲ್ಲಿ ಹೊತ್ತು ಮುಳುಗಿತೆಂದರೆ ಬೆಳಕಿಗೆ ಹಣತೆ, ಇಲ್ಲವೆ ಸೀಮೆಎಣ್ಣೆಯ ಬುಡ್ಡಿಯೇ ಗತಿ. ಜಗಲಿಯಲ್ಲೊಂದು, ಅಡಿಗೆಮನೆಯಲ್ಲೊಂದು ಮಿಣುಕುವ ಕುಡಿ; ಅದರಾಚೆಗೆ ಕಾಡಿನ ಕತ್ತಲೆ.

ಸ್ವಾರಸ್ಯವೇನೆಂದರೆ, ಆ ಹೊತ್ತಿಗಾಗಲೇ ಮೈಸೂರು ಸೀಮೆಗೆ ವಿದ್ಯುಚ್ಛಕ್ತಿ ಬಂದಾಗಿತ್ತು. ಆ ಕೂಸು ಹುಟ್ಟುವುದಕ್ಕೆ ಎರಡು ವರ್ಷ ಮೊದಲು, 1902ರಲ್ಲಿ, ಶಿವನಸಮುದ್ರದ ಕಾವೇರಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ್ದಳು. ಹುಟ್ಟಿದ ಮರುವರ್ಷ, 1905ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಆದರೆ ಗಣಿಗೂ ನಗರಕ್ಕೂ ಅಷ್ಟು ಬೇಗ ತಲಪಿದ ಬೆಳಕು ಕಾಡಿನ ಒಂಟಿಮನೆಯ ಹೊಸ್ತಿಲನ್ನು ದಾಟಲು ಬಹಳ ಕಾಲ ಬೇಕಾಯಿತು. ಸುಮಾರು ತೊಂಬತ್ತು ವರ್ಷ ಕಳೆದು, 1990ರ ದಶಕ ಅರ್ಧ ಮುಗಿದಿದ್ದಾಗಲೂ, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅದೇ ಬುಡ್ಡಿ, ಅದೇ ಹೊಗೆ.

ಆ ಕತ್ತಲೆಯೊಡನೆ ವ್ಯಾಪಾರಕ್ಕಿಳಿದ ಒಂದು ಸಣ್ಣ ಸಂಸ್ಥೆಯ ಕಥೆಯನ್ನು ಇಲ್ಲಿ ವಾಚಕರ ಮುಂದಿಡಬೇಕಾಗಿದೆ. ಕತ್ತಲೆಯನ್ನು ಶಪಿಸಿದವರು ಬಹಳ. ದೀಪ ದಾನ ಮಾಡಿದವರೂ ಉಂಟು. ಇವರು ದೀಪವನ್ನು ಮಾರಿದರು. ಮಾರಿದ ಮೇಲೆ ಅದು ಆರದಂತೆ ಕಾಯಲು ಮತ್ತೆ ಮತ್ತೆ ಅದೇ ಕಾಲುಹಾದಿಯಲ್ಲಿ ನಡೆದುಹೋದರು. ಅವರ ಹೆಚ್ಚುಗಾರಿಕೆ ಇರುವುದು ಮಾರಿದ್ದರಲ್ಲಿ ಅಲ್ಲ, ಮರಳಿ ಹೋದದ್ದರಲ್ಲಿ.

ದೀಪದ ಬುಡದಲ್ಲಿ

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಮಲೆನಾಡಿಗಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಜೋಗದ ವಿದ್ಯುದಾಗಾರ 1948ರಲ್ಲಿ ಕೆಲಸಕ್ಕೆ ತೊಡಗಿತು. 1960ರ ದಶಕದಲ್ಲಿ ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಎದ್ದಿತು. ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟೆ ಬಿದ್ದು, ಹಿನ್ನೀರು ನರಸಿಂಹರಾಜಪುರದ ಸೆರಗಿನವರೆಗೂ ಹರಡಿತು. ಮಲೆನಾಡಿನ ಮಳೆ, ಮಲೆನಾಡಿನ ಹೊಳೆ, ಮಲೆನಾಡಿನವರು ಬಿಟ್ಟುಕೊಟ್ಟ ನೆಲ. ಇವುಗಳಿಂದ ನಾಡಿನ ಕಾರ್ಖಾನೆಗಳು ತಿರುಗಿದವು, ಪೇಟೆಗಳು ಬೆಳಗಿದವು.

ಆ ಮಲೆನಾಡಿನ ಮನೆಗಳಿಗೇ ತಂತಿ ಎಳೆಯುವುದೇಕೆ ಕಷ್ಟವಾಯಿತು? ಬಯಲುಸೀಮೆಯ ಹಳ್ಳಿಯಲ್ಲಿ ಮನೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಒಂದು ಕಂಬದಿಂದ ಹತ್ತು ಮನೆಗೆ ದೀಪ ಕೊಡಬಹುದು. ಕೊಪ್ಪ, ಶೃಂಗೇರಿಗಳ ಕಡೆ ಹಾಗಲ್ಲ. ಅಡಕೆಯ ತೋಟವಿದ್ದಲ್ಲಿ ಮನೆ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡ, ಹಳ್ಳ, ಬ್ಯಾಣ. ಒಂದು ಮನೆಯ ಸಲುವಾಗಿ ಹತ್ತು ಕಂಬ ನೆಡಬೇಕು. ನೆಟ್ಟರೂ ಆಯಿತೆ? ಆಷಾಢದ ಗಾಳಿಗೆ ಮರವೊಂದು ತಂತಿಯ ಮೇಲೆ ಒರಗಿದರೆ ಅದನ್ನು ಹುಡುಕಿ ಸರಿಪಡಿಸುವ ತನಕ ದಿನಗಟ್ಟಲೆ ಕತ್ತಲೆ. ಕಂಬವಿದ್ದ ಮನೆಯವರೂ ಲಾಟೀನನ್ನು ಅಟ್ಟಕ್ಕೆ ಹಾಕುವ ಧೈರ್ಯ ಮಾಡಲಿಲ್ಲ.

ಬೆಳಕು ಅಲ್ಲಿ ಓದಿಗೆ ಮಾತ್ರ ಬೇಕಾದ ವಸ್ತುವಲ್ಲ. ಕೊಯ್ಲಿನ ಕಾಲದಲ್ಲಿ ಅಡಕೆ ಸುಲಿಯುವ ಕೆಲಸ ಇರುಳಿನಲ್ಲಿ ಬಹಳ ಹೊತ್ತಿನವರೆಗೆ ನಡೆಯುತ್ತದೆ. ಅಂಗಳದ ಚಪ್ಪರದಡಿಯಲ್ಲಿ ಹೆಂಗಸರು, ಗಂಡಸರು ಸಾಲಾಗಿ ಕುಳಿತು ಕತ್ತಿಯ ಅಲಗಿಗೆ ಕಾಯಿ ಒತ್ತುವಾಗ ದೀಪ ಮಂಕಾಗಿದ್ದರೆ ಬೆರಳಿಗೆ ಗಾಯ. ಕೊಟ್ಟಿಗೆಯಲ್ಲಿ ಹಸು ಕರು ಹಾಕಿದರೆ, ಮನೆಯಲ್ಲಿ ಹೆಣ್ಣು ಮಗಳಿಗೆ ನೋವು ಕಾಣಿಸಿಕೊಂಡರೆ, ಅಂಗಳದಲ್ಲಿ ಹಾವು ಹರಿದರೆ, ಕೈಗೆ ಮೊದಲು ಬೇಕಾದದ್ದು ಬೆಳಕು.

ಪ್ರಬಂಧವನ್ನು ಬದಿಗಿಟ್ಟ ವಿದ್ಯಾರ್ಥಿ

ಈ ಕಥೆಯ ನಾಯಕರು ಹರೀಶ ಹಂದೆ. ಮನೆತನ ಕುಂದಾಪುರದ ಕಡೆಯದು. ಬೆಳೆದದ್ದು ಒಡಿಶಾದ ಉಕ್ಕಿನ ಪಟ್ಟಣ ರೂರ್ಕೆಲಾದಲ್ಲಿ. ಖರಗಪುರದ ತಂತ್ರಜ್ಞಾನ ಸಂಸ್ಥೆಯಲ್ಲಿ ಇಂಧನ ಶಾಸ್ತ್ರವನ್ನು ಕಲಿತು, ಹೆಚ್ಚಿನ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೋಗಿ ಮಸಾಚುಸೆಟ್ಸ್ ವಿಶ್ವವಿದ್ಯಾನಿಲಯದ ಲೋವೆಲ್ ಶಾಖೆಯನ್ನು ಸೇರಿದರು. ಸೂರ್ಯನ ಶಾಖವನ್ನು ಕುರಿತ ಸಂಶೋಧನೆ. ಮುಂದೆ ಒಳ್ಳೆಯ ಉದ್ಯೋಗ. ಹಾದಿ ನೇರವಾಗಿಯೇ ಇತ್ತು.

ಹಾದಿ ತಿರುಗಿದ್ದು ಡೊಮಿನಿಕನ್ ಗಣರಾಜ್ಯವೆಂಬ ಕೆರಿಬಿಯನ್ ದ್ವೀಪನಾಡಿನಲ್ಲಿ. 1990ರ ದಶಕದ ಆರಂಭದಲ್ಲಿ ಅಲ್ಲಿಗೆ ಹೋದ ಈ ವಿದ್ಯಾರ್ಥಿ ಕಂಡದ್ದು, ಬಡವರ ಮನೆಗಳ ಮೇಲೆ ಪುಟ್ಟ ಸೌರ ಫಲಕಗಳನ್ನು. ಯಾರೂ ಅವನ್ನು ಧರ್ಮಕ್ಕೆ ಕೊಟ್ಟಿರಲಿಲ್ಲ. ಮನೆಯವರು ತಿಂಗಳು ತಿಂಗಳು ಹಣ ಕೊಟ್ಟು ಬೆಳಕನ್ನು ಕೊಳ್ಳುತ್ತಿದ್ದರು. ಅವರಿಗಿಂತ ಕಡುಬಡವರಲ್ಲದ ಎಷ್ಟೋ ಮಂದಿ ನಮ್ಮ ದೇಶದಲ್ಲಿ ಕತ್ತಲೆಯಲ್ಲಿ ಕುಳಿತಿರುವುದೇಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಹಿಂದಿರುಗಿ ಬಂದವರು ಅದುವರೆಗೆ ಮಾಡಿದ್ದ ಸಂಶೋಧನೆಯನ್ನು ಬದಿಗಿಟ್ಟರು. ಹಳ್ಳಿಯ ಮನೆಗಳಿಗೆ ವಿದ್ಯುತ್ತು ಒದಗಿಸುವ ಬಗೆಯನ್ನೇ ವಿಷಯವಾಗಿ ಆರಿಸಿಕೊಂಡು ಮೊದಲಿನಿಂದ ಪ್ರಾರಂಭಿಸಿದರು.

ಆಮೇಲೆ ಮಾಡಿದ್ದು ಇನ್ನೂ ವಿಚಿತ್ರ. ಗ್ರಂಥಾಲಯವನ್ನು ಬಿಟ್ಟು ಶ್ರೀಲಂಕೆಯ ಹಳ್ಳಿಗಳಿಗೆ ಹೋಗಿ, ವಿದ್ಯುತ್ತಿಲ್ಲದ ಮನೆಗಳಲ್ಲಿಯೇ ಇದ್ದುಕೊಂಡರು. ಭಾಷೆ ಬಾರದು, ದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಕತ್ತಲಾದ ಮೇಲೆ ಒಂದು ಸಂಸಾರ ಏನು ಮಾಡುತ್ತದೆ, ಯಾವ ಮೂಲೆಯಲ್ಲಿ ದೀಪ ಬೇಕೆನ್ನುತ್ತದೆ ಎಂಬುದನ್ನು ಅವರು ಕಲಿತದ್ದು ಆ ಮನೆಯವರಿಂದ. ಪುಸ್ತಕ ಹೇಳಬಲ್ಲದು ಇಷ್ಟು ವಾಟ್ ಎಂದು. ಒಲೆಯ ಮುಂದೆ ನಿಂತ ಹೆಂಗಸಿನ ನೆರಳೇ ಪಾತ್ರೆಯ ಮೇಲೆ ಬೀಳದ ಹಾಗೆ ದೀಪ ಎಲ್ಲಿರಬೇಕೆಂಬುದನ್ನು ಆ ಹೆಂಗಸೇ ಹೇಳಬೇಕು.

1995ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ‘ಸೆಲ್ಕೋ’ ಎಂಬ ಸಂಸ್ಥೆ ಹುಟ್ಟಿತು. ಜೊತೆಗಾರರು ನೆವಿಲ್ ವಿಲಿಯಮ್ಸ್ ಎಂಬ ಅಮೆರಿಕನ್ನರು. ಮೊದಲು ಪತ್ರಕರ್ತರು, 1990ರಿಂದ ಹಿಂದುಳಿದ ನಾಡುಗಳಿಗೆ ಸೌರದೀಪ ಒಯ್ಯುವ ನಿಧಿಯೊಂದನ್ನು ನಡೆಸುತ್ತಿದ್ದವರು. ಬಂಡವಳವೆಂದು ಹೇಳಿಕೊಳ್ಳುವಂಥದು ಹೆಚ್ಚೇನೂ ಇರಲಿಲ್ಲ. ಒಂದು ದೀಪದ ಸಲಕರಣೆಯನ್ನು ಮಾರಿ ಬಂದ ಹಣದಿಂದ ಮತ್ತೊಂದನ್ನು ತರುವ ಕಾಲವದು. ಡಾಕ್ಟರ್ ಪದವಿಯ ಮನುಷ್ಯ ತಾವೇ ಮನೆಮನೆಗೆ ಹೋಗಿ ಮಾತನಾಡಿ, ತಾವೇ ಮಾಡು ಹತ್ತಿ ಫಲಕ ಕೂಡಿಸಿ, ತಾವೇ ತಂತಿ ಎಳೆದು ದೀಪ ಹೊತ್ತಿಸಿದರು.

ಯಂತ್ರದ ಗುಟ್ಟು

ಸಿಲಿಕಾನ್ ಎಂಬ ಧಾತುವಿನ ತೆಳುವಾದ ಬಿಲ್ಲೆಯ ಮೇಲೆ ಬಿಸಿಲು ಬಿದ್ದರೆ ಅದರಲ್ಲಿ ವಿದ್ಯುತ್ತು ಹರಿಯುತ್ತದೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಇದನ್ನು ಕೆಲಸಕ್ಕೆ ಬರುವ ರೀತಿಯಲ್ಲಿ ಮಾಡಿ ತೋರಿಸಿದರು. 1958ರಲ್ಲಿ ಆ ಬಿಲ್ಲೆಗಳು ಕೃತಕ ಉಪಗ್ರಹವನ್ನೇರಿ ಆಕಾಶಕ್ಕೆ ಹೋದವು. ಆಕಾಶಕ್ಕೆ ಹೋದದ್ದು ಹಳ್ಳಿಗೆ ಬರಲು ಮಾತ್ರ ನಲವತ್ತು ವರ್ಷ ಹಿಡಿಯಿತು. ಕಾರಣ, ಬೆಲೆ.

ಮನೆಯ ಸಲಕರಣೆಯಲ್ಲಿರುವುದು ನಾಲ್ಕೇ ಭಾಗ. ಮಾಡಿನ ಮೇಲೊಂದು ಫಲಕ. ಒಳಗೊಂದು ಬ್ಯಾಟರಿ, ಹಗಲು ಬಂದ ವಿದ್ಯುತ್ತು ಅದರಲ್ಲಿ ಕೂಡಿರುತ್ತದೆ. ಬ್ಯಾಟರಿ ಅತಿಯಾಗಿ ತುಂಬದಂತೆಯೂ ಪೂರಾ ಬರಿದಾಗದಂತೆಯೂ ಕಾವಲು ಕಾಯುವ ಪುಟ್ಟ ಪೆಟ್ಟಿಗೆಯೊಂದು. ಕೊನೆಗೆ ದೀಪಗಳು. ಫಲಕ ಇಪ್ಪತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಬ್ಯಾಟರಿಗೆ ಅಷ್ಟು ಆಯುಸ್ಸಿಲ್ಲ. ಸುಮಾರು ಐದು ವರ್ಷಕ್ಕೆ ಬದಲಾಯಿಸಬೇಕು, ನಡುವೆ ಆಗಾಗ ಭಟ್ಟಿಯಿಳಿಸಿದ ಶುದ್ಧ ನೀರನ್ನು ತುಂಬಬೇಕು.

ಕೇಳಲು ಸುಲಭ. ಆದರೆ ಮಲೆನಾಡಿನಲ್ಲಿ ಈ ದೀಪ ಮಾರಲು ಹೋದವನಿಗೆ ಮನೆಯ ಹಿರಿಯ ಹೆಂಗಸು ಮೊದಲು ಕೇಳುವ ಪ್ರಶ್ನೆಯೇ ಕಠಿಣವಾದದ್ದು: “ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನ ಮುಖವೇ ಕಾಣೋದಿಲ್ಲ, ನಿನ್ನ ದೀಪ ಹೇಗೆ ಉರಿಯುತ್ತಪ್ಪಾ?” ಇದಕ್ಕೆ ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಉತ್ತರ ಕೊಡಲಾಗುವುದಿಲ್ಲ. ಮೋಡದ ಬೆಳಕಿನಲ್ಲಿಯೂ ಫಲಕ ಸ್ವಲ್ಪ ವಿದ್ಯುತ್ತನ್ನು ಕೊಡುತ್ತದೆ, ಎಷ್ಟೆಂದು ಅಳೆಯಬೇಕು. ಮನೆಯ ಸುತ್ತ ಹಲಸು, ಅಡಕೆ, ಸಿಲ್ವರ್ ಮರಗಳ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ನೋಡಿ, ದಕ್ಷಿಣಕ್ಕೆ ಮುಖಮಾಡಿ ಫಲಕವನ್ನು ಕೂಡಿಸಬೇಕು. ಕೆಲವು ದಿನದ ಮೋಡಕ್ಕೆ ತಡೆಯುವಷ್ಟು ದೊಡ್ಡ ಬ್ಯಾಟರಿ ಇರಬೇಕು. ಆಷಾಢದಲ್ಲಿ ಎರಡೇ ದೀಪ ಹಚ್ಚಿಕೊಳ್ಳಿ, ನಾಲ್ಕು ಬೇಡ ಎಂದು ನಿಜವನ್ನು ಹೇಳಬೇಕು. ಒಂದೇ ಅಳತೆಯ ಅಂಗಿಯನ್ನು ಊರಿಗೆಲ್ಲ ತೊಡಿಸುವಂತೆ ಒಂದೇ ಬಗೆಯ ದೀಪವನ್ನು ಎಲ್ಲರಿಗೂ ಮಾರುವುದಲ್ಲ. ಆಯಾ ಮನೆಯ ಅಗತ್ಯಕ್ಕೆ ತಕ್ಕಂತೆ ಹೊಂದಿಸಿ ಕೊಡುವುದು ಸೆಲ್ಕೋದ ಕ್ರಮವಾಯಿತು.

ಹತ್ತು ರೂಪಾಯಿಯ ಪಾಠ

ದೀಪವೇನೋ ಹತ್ತಿತು. ಕೊಳ್ಳುವವರು ಯಾರು? ಕೈಯಲ್ಲಿ ಒಟ್ಟಿಗೆ ಹಣವಿದ್ದ ತೋಟದ ಯಜಮಾನರು ಕೊಂಡಾರು. ಅದೇ ತೋಟದಲ್ಲಿ ಕೂಲಿಗೆ ಬರುವವರು ಕೊಳ್ಳುವುದೆಂತು? ಬಡವರಿಗೆ ಇಂಥ ವಸ್ತುವನ್ನು ಕೊಳ್ಳುವ ಶಕ್ತಿಯಿಲ್ಲ. ಕೊಂಡರೂ ನೋಡಿಕೊಳ್ಳುವ ತಿಳಿವಳಿಕೆಯಿಲ್ಲ. ಅವರ ಜೊತೆ ವ್ಯಾಪಾರಕ್ಕಿಳಿದವನು ಉಳಿಯುವುದಿಲ್ಲ. ಈ ಮೂರು ಮಾತುಗಳೂ ಸುಳ್ಳೆಂದು ತೋರಿಸುವುದಕ್ಕಾಗಿಯೇ ಸಂಸ್ಥೆಯನ್ನು ಕಟ್ಟಿದೆವೆಂದು ಹಂದೆಯವರು ಹೇಳುತ್ತ ಬಂದಿದ್ದಾರೆ.

ಅವರು ಮತ್ತೆ ಮತ್ತೆ ನೆನೆಯುವ ಪಾಠವೊಂದುಂಟು. ಅದನ್ನು ಕಲಿಸಿದಾಕೆ ಬೀದಿಬದಿಯ ವ್ಯಾಪಾರಗಾರ್ತಿ. ತಿಂಗಳಿಗೆ ಮುನ್ನೂರು ರೂಪಾಯಿಯೆಂದರೆ ಆಕೆಗೆ ಹೊರೆ. ದಿನಕ್ಕೆ ಹತ್ತು ರೂಪಾಯಿಯಾದರೆ ಕೊಡಬಲ್ಲಳು. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ಮೊತ್ತ. ಆದರೆ ದಿನವೂ ಗಳಿಸಿ ದಿನವೂ ಖರ್ಚುಮಾಡುವ ಮನೆಯಲ್ಲಿ ಮುನ್ನೂರು ರೂಪಾಯಿ ಒಟ್ಟಿಗೆ ನಿಲ್ಲುವುದೇ ಇಲ್ಲ. ಸಂಬಳದ ದಿನವನ್ನು ನೆಚ್ಚಿ ಬದುಕುವ ನಮಗೆ ಸುಲಭವಾಗಿ ಹೊಳೆಯದ ಸಂಗತಿ ಇದು. ಆ ಹೆಂಗಸಿಗೆ ಸಾಲದ ಯೋಗ್ಯತೆ ಇಲ್ಲವೆಂದಲ್ಲ; ಅವಳ ಸಂಪಾದನೆಗೆ ಹೊಂದುವ ಕಂತು ಇರಲಿಲ್ಲ, ಅಷ್ಟೆ.

ನಮ್ಮ ಕರಾವಳಿಗೆ ಈ ವಿದ್ಯೆ ಹೊಸತೇನೂ ಅಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಅವರು ಎಂಟು ಸಾವಿರ ರೂಪಾಯಿಯ ಬಂಡವಳದಿಂದ ಆರಂಭಿಸಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದದ್ದು, ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗಲೆಂದು ಹುಟ್ಟಿದ್ದು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿಯನ್ನು ಪ್ರಾರಂಭಿಸಿತು. ಬ್ಯಾಂಕಿನವರೇ ದಿನವೂ ಮನೆಬಾಗಿಲಿಗೆ, ಅಂಗಡಿಯ ಬಾಗಿಲಿಗೆ ಹೋಗಿ ಎರಡೆರಡು ಆಣೆಯಂತೆ ಕೂಡಿಸಿದರು. ಹನಿಗೂಡಿದರೆ ಹಳ್ಳ ಎಂಬುದನ್ನು ಬ್ಯಾಂಕಿನ ಪುಸ್ತಕದಲ್ಲಿ ಬರೆದು ತೋರಿಸಿದವರು ಅವರು. ಎರಡಾಣೆಯನ್ನು ಕೂಡಿಸುವುದು ಸಾಧ್ಯವಾದರೆ, ಹತ್ತು ರೂಪಾಯಿಯಂತೆ ಸಾಲ ತೀರಿಸುವುದೂ ಸಾಧ್ಯವೇ ತಾನೆ?

ಸೆಲ್ಕೋದವರು ಗ್ರಾಮೀಣ ಬ್ಯಾಂಕುಗಳ ಬಾಗಿಲನ್ನು ತಟ್ಟಿದರು. ಹಸುವಿಗೆ ಸಾಲ ಉಂಟು, ಪಂಪಿಗೆ ಸಾಲ ಉಂಟು. ದೀಪಕ್ಕೆ ಸಾಲವೆಂಬುದನ್ನು ಕೇಳಿದವರಿಲ್ಲ. ಹಸು ಹಾಲು ಕೊಡುತ್ತದೆ, ದೀಪ ಏನು ಕೊಡುತ್ತದೆ? ಈ ಪ್ರಶ್ನೆಗೆ ಶಾಖೆಯಿಂದ ಶಾಖೆಗೆ ಅಲೆದು ಉತ್ತರ ಹೇಳಬೇಕಾಯಿತು. ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು ಮುಂದೆ ಬಂದ ಮೊದಲಿಗರಲ್ಲೊಂದು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದ ನೆರವಿನಿಂದ ಕೆನರಾ ಬ್ಯಾಂಕು ಮತ್ತು ಸಿಂಡಿಕೇಟ್ ಬ್ಯಾಂಕುಗಳು ಕಡಮೆ ಬಡ್ಡಿಗೆ ಸೌರದೀಪದ ಸಾಲ ಕೊಡುವ ಯೋಜನೆಯನ್ನು ಕೈಗೊಂಡವು. (ಈ ಎರಡು ಬ್ಯಾಂಕುಗಳೂ 2020ರಲ್ಲಿ ಒಂದಾದವು.)

ಗೃಹಿಣಿಯರಿಗೆ ಲೆಕ್ಕ ಹೇಳಿದರೆ ಹೆಚ್ಚು ಸ್ಪಷ್ಟವಾದೀತು. ನಾಲ್ಕು ದೀಪದ ಸಲಕರಣೆಗೆ 18,000 ರೂಪಾಯಿ ಎಂದಿಟ್ಟುಕೊಳ್ಳಿ. ನೂರಕ್ಕೆ ಹದಿನೈದರಂತೆ 2,700 ರೂಪಾಯಿಯನ್ನು ಮೊದಲೇ ಕೊಟ್ಟು, ಉಳಿದ 15,300 ರೂಪಾಯಿಯನ್ನು ನೂರಕ್ಕೆ ಹನ್ನೆರಡರ ಬಡ್ಡಿಯಲ್ಲಿ ಐದು ವರ್ಷದ ಸಾಲವಾಗಿ ಪಡೆದರೆ ತಿಂಗಳ ಕಂತು ಸುಮಾರು 340 ರೂಪಾಯಿ. ದಿನಕ್ಕೆ ಹನ್ನೊಂದು ರೂಪಾಯಿಯ ಆಸುಪಾಸು. ಸೀಮೆಎಣ್ಣೆ, ಮೇಣದಬತ್ತಿ, ಟಾರ್ಚಿನ ಸೆಲ್ಲು ಇವುಗಳ ಖರ್ಚನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಸಾಲವೆಂಬ ಭಯ ಅರ್ಧ ಕರಗುತ್ತದೆ. ಅಡಕೆಯವರಿಗೆ ತಿಂಗಳ ಕಂತಿಗಿಂತ ಫಸಲಿನ ಕಂತು ಅನುಕೂಲ. ಬೀದಿ ವ್ಯಾಪಾರಿಗೆ ದಿನದ ಬಾಡಿಗೆ ಅನುಕೂಲ. ತಳ್ಳುಗಾಡಿಯವರಿಗಾಗಿ ಹೊಸ ಏರ್ಪಾಡೇ ಆಯಿತು: ಒಬ್ಬನು ಹಗಲೆಲ್ಲ ಬ್ಯಾಟರಿಗಳನ್ನು ಬಿಸಿಲಿನಿಂದ ತುಂಬಿಸಿಟ್ಟು, ಸಂಜೆ ಗಾಡಿಗಾಡಿಗೂ ದೀಪವನ್ನು ಬಾಡಿಗೆಗೆ ಕೊಟ್ಟು, ರಾತ್ರಿ ಮರಳಿ ಒಯ್ಯುವುದು. ಅವನಿಗೂ ಜೀವನವಾಯಿತು, ಅವರಿಗೂ ಬೆಳಕಾಯಿತು.

ಮಾರಿದ ಮೇಲಿನ ವ್ಯಾಪಾರ

ಪುಕ್ಕಟೆಯಾಗಿ ಹಂಚಿದ ಸೌರದೀಪಗಳು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಬಂದುಹೋಗಿವೆ. ಒಂದೆರಡು ವರ್ಷ ಉರಿದು, ಬ್ಯಾಟರಿ ಸತ್ತು, ಕೇಳುವವರಿಲ್ಲದೆ ಕಂಬ ಮಾತ್ರ ನಿಂತಿರುವ ದೃಶ್ಯವನ್ನು ಕಾಣದವರಾರು? ತಪ್ಪು ಸೂರ್ಯನದಲ್ಲ, ಬ್ಯಾಟರಿಯದೂ ಅಲ್ಲ. ಕೊಟ್ಟವರು ಮರಳಿ ಬರಲಿಲ್ಲ.

ಸೆಲ್ಕೋ ಕಲಿತ ದೊಡ್ಡ ಪಾಠ ಇದೇ. ಕರ್ನಾಟಕದ ತಾಲ್ಲೂಕು, ಜಿಲ್ಲಾ ಕೇಂದ್ರಗಳಲ್ಲಿ ಒಂದೊಂದಾಗಿ ಸೇವಾಕೇಂದ್ರಗಳನ್ನು ತೆರೆದರು. ಕೆಲವೇ ವರ್ಷಗಳಲ್ಲಿ ಅವು ಇಪ್ಪತ್ತನ್ನು ಮೀರಿದವು. ಕೆಲಸಕ್ಕೆ ಆರಿಸಿಕೊಂಡದ್ದು ಆಯಾ ಸೀಮೆಯ ಹುಡುಗ ಹುಡುಗಿಯರನ್ನು. ದಾರಿ ಬಲ್ಲವರು, ಆ ಕಡೆಯ ಮಾತು ಬಲ್ಲವರು, ಯಾವ ಮನೆಗೆ ಯಾವ ಹೊತ್ತಿನಲ್ಲಿ ಹೋಗಬೇಕೆಂದು ಬಲ್ಲವರು. ಮೊದಲ ವರ್ಷ ದೀಪದ ಉಸ್ತುವಾರಿ ಸಂಸ್ಥೆಯದು. ಆಮೇಲೆ ವರ್ಷಕ್ಕಿಷ್ಟೆಂದು ಕೊಟ್ಟರೆ ಅದೇ ಹುಡುಗರು ಬಂದು ನೋಡಿಹೋಗುತ್ತಾರೆ. ಬ್ಯಾಂಕಿನವರಿಗೂ ಇದರಿಂದ ಧೈರ್ಯ. ದೀಪ ಉರಿಯುತ್ತಿರುವ ತನಕ ಕಂತು ಬರುತ್ತದೆ. ದೀಪ ಆರಿದ ದಿನ ಸಾಲಗಾರನೂ ಕೈಯೆತ್ತುತ್ತಾನೆ. ಹೀಗೆ ತಿರುಪುಳಿ ಹಿಡಿದು ಗುಡ್ಡ ಹತ್ತುವ ಹುಡುಗನೇ ಈ ವ್ಯವಹಾರದ ಆಧಾರಸ್ತಂಭ. ಮುಖ್ಯ ಕಚೇರಿಯಲ್ಲಿ ಕುಳಿತವರಲ್ಲ.

ಈ ಮಾತನ್ನು ಎಲ್ಲ ಯಜಮಾನರೂ ಭಾಷಣದಲ್ಲಿ ಹೇಳುತ್ತಾರೆ. ನಡೆದು ತೋರಿಸುವವರು ಕಡಮೆ. ಹಂದೆಯವರು ಮೊದಲ ದೀಪಗಳನ್ನು ತಮ್ಮ ಕೈಯಿಂದಲೇ ಜೋಡಿಸಿದ್ದರಿಂದ, ಆ ಕೆಲಸವನ್ನು ಕೀಳೆಂದು ಕಾಣುವ ದಾರಿಯೇ ಸಂಸ್ಥೆಯಲ್ಲಿ ಉಳಿಯಲಿಲ್ಲ. ಹೊಸ ಯೋಚನೆಗಳೂ ಕೆಳಗಿನಿಂದಲೇ ಹತ್ತಿ ಬಂದವು. ಬೆಳಗಿನ ಜಾವದ ಕತ್ತಲೆಯಲ್ಲಿ ರಬ್ಬರ್ ಮರಕ್ಕೆ ಗೀರು ಹಾಕುವವರಿಗೆ ಎರಡು ಕೈಯೂ ಬೇಕು. ಆದ್ದರಿಂದ ಅವರಿಗೆ ಹಣೆಗೆ ಕಟ್ಟಿಕೊಳ್ಳುವ ದೀಪ. ಕತ್ತಲೆಯಲ್ಲಿ ಹೂ ಕೊಯ್ಯುವವರಿಗೂ ಅದೇ ನೆರವಾಯಿತು.

ಬಂದ ಕಷ್ಟ

ಹೀಗೆ ಹೇಳುತ್ತ ಹೋದರೆ ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ವಾಚಕರಿಗೆ ತೋರಬಹುದು. ಹಾಗಾಗಲಿಲ್ಲ. ಸಂಸ್ಥೆ ಮುಳುಗುವ ಅಂಚಿಗೆ ಬಂದದ್ದು, ಅದಕ್ಕೆ ಹೊಗಳಿಕೆ ಸಲ್ಲತೊಡಗಿದ್ದ ಕಾಲದಲ್ಲಿಯೇ.

ಎರಡು ಕಡೆಯಿಂದ ಪೆಟ್ಟು ಬಿತ್ತು. ಮೊದಲನೆಯದು ಹೊರಗಿನದು. 2004ರಲ್ಲಿ ಜರ್ಮನಿ ದೇಶ ತನ್ನ ಕಾನೂನನ್ನು ತಿದ್ದಿ, ಸೌರ ವಿದ್ಯುತ್ತನ್ನು ಒಳ್ಳೆಯ ಬೆಲೆಗೆ ಕೊಳ್ಳುವ ಏರ್ಪಾಡನ್ನು ಬಲಪಡಿಸಿತು. ಅಲ್ಲಿನ ಜನ ಮನೆಯ ಮಾಡುಗಳಿಗೆಲ್ಲ ಫಲಕ ಹೊದಿಸತೊಡಗಿದರು. ಲೋಕದಲ್ಲಿದ್ದ ಸಿಲಿಕಾನ್ ಆ ಕಡೆಗೆ ಹರಿಯಿತು, ಬೆಲೆ ಏರಿತು. ಲೋಕಹಿತಕ್ಕಾಗಿಯೇ ಮಾಡಿದ ಕಾನೂನು ಅದು. ಆದರೂ ಅದರ ನೆರಳು ಬಂದು ಬಿದ್ದದ್ದು ನಮ್ಮ ಹಳ್ಳಿಯ ನಾಲ್ಕು ದೀಪದ ಮೇಲೆ. ಸಣ್ಣ ವ್ಯಾಪಾರಿಯ ಬದುಕು ಹೀಗೆಯೇ: ದೂರದಲ್ಲಿ ಆನೆ ಮೈಮುರಿದರೆ ಇಲ್ಲಿಯ ಬೇಲಿ ಮುರಿಯುತ್ತದೆ.

ಎರಡನೆಯ ಪೆಟ್ಟು ಒಳಗಿನದು. ಬೇಗ ಬೆಳೆಯಬೇಕೆಂಬ ಒತ್ತಾಯಕ್ಕೆ ಸಿಕ್ಕಿ, ತಮ್ಮದೇ ಸೇವಾಕೇಂದ್ರಗಳ ಬದಲು ಮಾರಾಟಗಾರರ ಮೂಲಕ ದೀಪಗಳನ್ನು ಹಂಚುವ ಪ್ರಯೋಗವೂ ನಡೆದಿತ್ತು. ಮಾರಾಟ ಮಾಡುವವನಿಗೆ ಮಾರಿದ ದಿನದ ಲಾಭ ಮುಖ್ಯ. ಮುಂದಿನ ಐದು ವರ್ಷದ ನಡಿಗೆ ಅವನಿಗೇಕೆ? ಹೊರೆ ಹೆಚ್ಚಿತು, ನಷ್ಟ ಬೆಳೆಯಿತು, ಸಾಲ ತಲೆಯ ಮೇಲೆ ಬಂತು. 2005ರಲ್ಲಿ ಇಂಗ್ಲೆಂಡಿನ ಆಷ್ಡೆನ್ ಪ್ರಶಸ್ತಿ ಬಂದಾಗ ಹೊರಗಿನವರಿಗೆ ಕಂಡದ್ದು ಗೌರವ. ಒಳಗಿನ ಲೆಕ್ಕದ ಪುಸ್ತಕ ಬೇರೆಯದನ್ನೇ ಹೇಳುತ್ತಿತ್ತು.

ಇಂಥ ಹೊತ್ತಿನಲ್ಲಿ ಒಬ್ಬ ಯಜಮಾನನ ಮುಂದೆ ಇರುವ ಸುಲಭದ ದಾರಿಗಳು ನಮಗೆಲ್ಲ ಗೊತ್ತಿರುವಂಥವೇ. ಹಣವಿರುವವರಿಗೆ ದೊಡ್ಡ ಸಲಕರಣೆಗಳನ್ನು ಮಾರಿ, ಬಡವರ ಸಣ್ಣ ದೀಪಗಳನ್ನು ಕೈಬಿಡಬಹುದಿತ್ತು. ಖರ್ಚು ಉಳಿಸಲು ಹಳ್ಳಿಗೆ ಹೋಗುವ ಹುಡುಗರನ್ನು ಮನೆಗೆ ಕಳುಹಿಸಬಹುದಿತ್ತು. ಸೆಲ್ಕೋ ಮಾಡಿದ್ದು ಇದಕ್ಕೆ ವಿರುದ್ಧವಾದದ್ದನ್ನು. ಮಾರಾಟಗಾರರ ದಾರಿಯನ್ನು ಬಿಟ್ಟು, ತನಗೆ ಗೊತ್ತಿದ್ದ ಸೀಮೆಗೆ, ತನ್ನದೇ ಸೇವಾಕೇಂದ್ರಗಳಿಗೆ ಹಿಂದಿರುಗಿತು. ವಿಶ್ವಬ್ಯಾಂಕಿನ ಬಳಗದ ಅಂತರರಾಷ್ಟ್ರೀಯ ಹಣಕಾಸು ನಿಗಮದ ನೆರವಿನೊಡನೆ ಸಾಲವನ್ನು ಹೊಂದಿಸಿಕೊಂಡಿತು. ಬೇಗನೆ ದೊಡ್ಡ ಲಾಭವನ್ನು ಬಯಸದ, ಕಾಯಲು ಒಪ್ಪುವ ಹೊಸ ಬಂಡವಳಗಾರರು ಬಂದರು. ತಾಳಿದವನು ಬಾಳಿಯಾನು ಎಂಬುದು ಹಳೆಯ ಮಾತು. ತಾಳ್ಮೆಯುಳ್ಳ ಹಣವೂ ಉಂಟೆಂಬುದು ಹೊಸ ಮಾತು. 2007ರಲ್ಲಿ ಆಷ್ಡೆನ್ ಪ್ರಶಸ್ತಿ ಎರಡನೆಯ ಬಾರಿ ಬಂದಾಗ ಸಂಸ್ಥೆ ತನ್ನ ಕಾಲ ಮೇಲೆ ನಿಂತಿತ್ತು.

ತಾನು ತಪ್ಪಿದ್ದನ್ನು ಒಪ್ಪಿ ಹಿಂದಿರುಗುವುದಕ್ಕೆ, ಮುನ್ನುಗ್ಗುವುದಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕು. ವಿನಯವೆಂದರೆ ತಲೆತಗ್ಗಿಸಿ ಮೆಲ್ಲಗೆ ಮಾತನಾಡುವುದಲ್ಲ. ಬಂದ ದಾರಿ ತಪ್ಪಾಗಿದ್ದರೆ, ಎಲ್ಲರೂ ನೋಡುತ್ತಿರುವಾಗಲೇ ತಿರುಗಿ ನಡೆಯುವುದು.

ದೀಪದಿಂದ ದೀಪ

2011ರಲ್ಲಿ ಹರೀಶ ಹಂದೆಯವರಿಗೆ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಆ ಹೊತ್ತಿಗೆ ಒಂದು ಲಕ್ಷಕ್ಕೂ ಮಿಕ್ಕ ಮನೆಗಳಲ್ಲಿ ಸೆಲ್ಕೋದ ದೀಪಗಳು ಬೆಳಗಿದ್ದವು. ಕಾಲಕ್ರಮದಲ್ಲಿ ದೀಪದ ವ್ಯವಹಾರವನ್ನು ನಡೆಸುವ ಹೊಣೆಯನ್ನು ಅವರು ಸಂಗಡಿಗರಿಗೆ ಬಿಟ್ಟುಕೊಟ್ಟು, ಅದರ ಜೊತೆಯಲ್ಲೇ ಬೆಳೆದ ಸೆಲ್ಕೋ ಪ್ರತಿಷ್ಠಾನದ ಕಡೆಗೆ ಗಮನ ಹರಿಸಿದರು. ಪ್ರತಿಷ್ಠಾನದ ಒಂದು ಯೋಜನೆಯನ್ನು ಮಕ್ಕಳಿರುವ ಮನೆಯವರೆಲ್ಲ ಮೆಚ್ಚಿಯಾರು. ಶಾಲೆಯ ಮಾಡಿನ ಮೇಲೆ ಸೌರ ಫಲಕ. ಮಗುವಿನ ಕೈಗೊಂದು ಪುಟ್ಟ ಬ್ಯಾಟರಿ, ಮನೆಯಲ್ಲೊಂದು ದೀಪ. ಬ್ಯಾಟರಿ ತುಂಬಬೇಕಾದರೆ ಶಾಲೆಗೆ ತರಬೇಕು. ಮಗು ಶಾಲೆ ತಪ್ಪಿಸಿದ ದಿನ ಮನೆಯಲ್ಲಿ ಕತ್ತಲೆ! ಬೆತ್ತವಿಲ್ಲದೆ ಹಾಜರಿ ತೆಗೆದುಕೊಳ್ಳುವ ಈ ಉಪಾಯಕ್ಕೆ ಹಳೆಯ ಮೇಷ್ಟ್ರುಗಳೂ ತಲೆದೂಗಬೇಕು. ಈಗ ದೀಪದ ಮಾತನ್ನು ದಾಟಿ ಹೊಲಿಗೆಯ ಯಂತ್ರಕ್ಕೆ, ರೊಟ್ಟಿಯ ಯಂತ್ರಕ್ಕೆ, ಹಲವು ರಾಜ್ಯಗಳ ಸರ್ಕಾರಿ ಆರೋಗ್ಯ ಕೇಂದ್ರಗಳಿಗ ೆ ಬಿಸಿಲಿನ ವಿದ್ಯುತ್ತನ್ನು ಒದಗಿಸುವ ಕೆಲಸ ನಡೆದಿದೆ.

ಕಾಲವೂ ಬದಲಾಗಿದೆ. 2005ರಲ್ಲಿ ಆರಂಭವಾದ ರಾಜೀವ ಗಾಂಧಿ ವಿದ್ಯುದೀಕರಣ ಯೋಜನೆ, 2017ರ ಸೌಭಾಗ್ಯ ಯೋಜನೆಗಳಿಂದ ತಂತಿ ಕಾಣದಿದ್ದ ಎಷ್ಟೋ ಮನೆಗಳಿಗೆ ತಂತಿ ಬಂದಿತು. ಫಲಕದ ಬೆಲೆ ಇಳಿಯಿತು. ಎಲ್‌ಇಡಿ ದೀಪಗಳು ಬಂದು, ಹಿಂದೆ ಒಂದು ಕೋಣೆಗೆ ಸಾಲದಿದ್ದ ವಿದ್ಯುತ್ತಿನಲ್ಲಿ ಈಗ ಮನೆಯೆಲ್ಲ ಬೆಳಗುತ್ತದೆ. ಹಾಗಾದರೆ ಗುಡ್ಡ ಹತ್ತಿದ ಆ ಹುಡುಗರ ಕೆಲಸ ಮುಗಿಯಿತೆ? ಮಲೆನಾಡಿನ ಆಷಾಢವನ್ನು ಬಲ್ಲವರು ಹಾಗೆನ್ನಲಾರರು. ಹಿರೇಕೊಡಿಗೆಯ ಸುತ್ತಿನ ಗುಡ್ಡಗಳಲ್ಲಿ ಗಾಳಿ ಬೀಸಿ ಮರ ಒರಗಿ ತಂತಿ ಕಡಿದಾಗ, ತಂತಿಯ ದೀಪ ಆರುತ್ತದೆ. ಹಗಲು ಕೂಡಿಸಿಟ್ಟ ಬಿಸಿಲಿನ ದೀಪ ಉರಿಯುತ್ತದೆ, ಅದರ ಬ್ಯಾಟರಿಯನ್ನು ಯಾರಾದರೂ ನೋಡಿಕೊಂಡಿದ್ದರೆ.

ಆ ‘ಯಾರಾದರೂ’ ಎಂಬವನ ಮೇಲೆಯೇ ಎಲ್ಲವೂ ನಿಂತಿದೆ. ನಮ್ಮ ಮನೆಯ ಮಕ್ಕಳು ಇಂದು ಇಂಜಿನಿಯರುಗಳಾಗಬೇಕೆನ್ನುತ್ತಾರೆ. ಸ್ವಂತ ಉದ್ಯಮ ಕಟ್ಟಬೇಕೆನ್ನುತ್ತಾರೆ. ಸಂತೋಷ. ಅವರು ದೊಡ್ಡ ಯಂತ್ರವನ್ನೇ ಮಾಡಲಿ, ಸಣ್ಣ ದೀಪವನ್ನೇ ಮಾಡಲಿ, ಅದನ್ನು ಕೊಂಡ ಮನೆಯ ಹಾದಿಯನ್ನು ಮರೆಯದಿರಲಿ. ಮಾರಿದ ವರ್ಷದ ಮೇಲೊಂದು ದಿನ, ಜಿಟಿಜಿಟಿ ಮಳೆಯಲ್ಲಿ ಜಗಲಿಯ ಮೇಲೆ ಬಂದು ನಿಂತು, “ದೀಪ ಸರಿಯಾಗಿ ಉರಿಯುತ್ತಾ ಉಂಟೇನಮ್ಮಾ?” ಎಂದು ಕೇಳಬಲ್ಲವನು ಗೆದ್ದಂತೆಯೇ.